ದೀಮದ ಹಕ್ಕಿಗೆ ಬಂದ ಉತ್ತರ

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು. ಕಲಬುರ್ಗಿಯ ಸ್ಟೇಶನ್ ಬಜಾರದಲ್ಲಿ ಮೂಟೆ ಹೊತ್ತು ಓದಿದವನು. ದೆವ್ವದ ಕಥೆ ಕಟ್ಟಿ ಹೇಳುವ ದರ್ದು ನನಗಿಲ್ಲ. ಇದು ಕಿವಿಯಾರೆ ಕೇಳಿದ್ದು.

ರಜಾಕಾರರ ಗದ್ದಲದಲ್ಲಿ ಅಣ್ಣ ಭೀಮಣ್ಣ ಸೋಲಾಪುರದ ಕಡೆ ಹೋಗುತ್ತೇನೆಂದು ನಮ್ಮೂರು ಕಮಲಾಪುರ ಬಿಟ್ಟಿದ್ದ. ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಹೋದವರೆಲ್ಲ ತಿರುಗಿ ಬಂದರು. ಅವನು ಬರಲಿಲ್ಲ. "ಇನ್ನೆಷ್ಟು ದಾರಿ ನೋಡ್ತಿ, ಕುಂಕುಮ ಅಳಸು" ಎಂದು ಊರವರು ಅತ್ತಿಗೆಗೆ ಹೇಳತೊಡಗಿದ್ದರು. ಆಕೆ ಒಪ್ಪಿರಲಿಲ್ಲ.

ಆ ಚಳಿಗಾಲದ ರಜೆಯಲ್ಲಿ ಸೋದರಮಾವ ಮಲ್ಲಪ್ಪ ನನ್ನನ್ನು ಗೌಜಲ ಹಕ್ಕಿಯ ಬೇಟೆಗೆ ಕರೆದೊಯ್ದ. ಸಾಕಿದ ಗಂಡು ಹಕ್ಕಿಯನ್ನು ಪಂಜರದಲ್ಲಿಟ್ಟು ಸುತ್ತ ಉರುಲು ಹಾಸುವುದು ನಮ್ಮ ಪದ್ಧತಿ. ಅದು ಕೂಗಿದರೆ ಕಾಡಿನ ಹಕ್ಕಿ ಜಗಳಕ್ಕೆ ಬಂದು ಸಿಕ್ಕಿಬೀಳುತ್ತದೆ. ಪಂಜರದ್ದಕ್ಕೆ ದೀಮದ ಹಕ್ಕಿ ಎನ್ನುತ್ತಾರೆ. ನಾವು ಒಯ್ದದ್ದು ಅಣ್ಣ ಸಾಕಿದ ಹಕ್ಕಿ.

ಇನ್ನೂ ನಸುಕು... ತೊಗರಿ ಹೊಲದ ಬದುವಿನಲ್ಲಿ ಅಡಗಿ ಕೂತೆವು. ಇಬ್ಬನಿಗೆ ನೆನೆದ ಎರೆಮಣ್ಣಿನ ವಾಸನೆ. ಚಳಿಗೆ ನನ್ನ ಹಲ್ಲು ಕಟಕಟ.

"ಏ ಕಾಲೇಜ್ ಸಾಹೇಬ, ಹಲ್ಲಿನ ಸಪ್ಪಳ ನಿಂದರಸು. ಹಕ್ಕಿ ನಗತದ" ಎಂದು ಮಾವ ಪಿಸುಗುಟ್ಟಿದ.

ಪಂಜರದ ಹಕ್ಕಿ ಕೂಗಿತು. ಎದುರಿನ ಮುಳ್ಳುಪೊದೆಯಿಂದ ಉತ್ತರ ಬಂತು. ಒಮ್ಮೆ... ಇನ್ನೊಮ್ಮೆ... ಕೂಗಿನ ಕೊನೆಗೆ ಸಣ್ಣದೊಂದು ಕೆಮ್ಮು.

ಬಾಯಿಂದ ಗೌಜಲ ಹಕ್ಕಿಯಂತೆ ಕೂಗಿ, ಉಸಿರು ಸಾಲದೆ ಹಾಗೆ ಕೆಮ್ಮುತ್ತಿದ್ದವನು ಅಣ್ಣನೊಬ್ಬನೇ.

ಎದ್ದೆ. ಮಾವ ರಟ್ಟೆ ಹಿಡಿದು ಜಗ್ಗಿದ. "ಕುಂದರಲೇ! ಹೋಗಬ್ಯಾಡ."

"ಅಣ್ಣನ ದನಿ ಅದ, ಮಾವಾ!"

"ಅಂವಂದೇ ಅದ. ಅದಕ್ಕೇ ನನಗ ಅಂಜಿಕಿ. ಹಕ್ಕಿಗಿ ನಾವು ಮಾಡಾದು ಇದೇ ಹೌದಿಲ್ಲೊ?"

ಕೂಗು ಹತ್ತಿರ ಬಂತು. ಒಣಗಿದ ಎಲೆಯೊಂದೂ ಅಲುಗಲಿಲ್ಲ... ಬೆಳಕು ಹರಿದಾಗ ಪೊದೆಯಲ್ಲಿ ಯಾರೂ ಇರಲಿಲ್ಲ. ಇಬ್ಬನಿಯ ಮೇಲೆ ಹೆಜ್ಜೆಯೂ ಇರಲಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ದನಿ ಕೇಳಿನೂ ನೀವು ಹಂಗೇ ತಿರುಗಿ ಬಂದ್ರೇನು?"

"ಮಾವ ಬಿಡಲಿಲ್ಲ, ವೈನಿ."

"ಮಾವಗ ಉರುಲಿನ ಅಂಜಿಕಿ. ನನಗೇನದ?"

ಸಂಜೆ ಯಾರಿಗೂ ಹೇಳದೆ ಪಂಜರ ಎತ್ತಿಕೊಂಡು ಹೋದಳು. ನಾನೂ ಮಾವನೂ ಓಡಿದೆವು. ಬದುವಿನ ಹತ್ತಿರ ಎದುರಿಗೇ ಬಂದಳು, ಮೆಲ್ಲಗೆ. ಪಂಜರದ ಬಾಗಿಲಿಗೆ ನಾನು ಬಿಗಿದಿದ್ದ ಗಂಟು ಬಿಗಿದಂತೆಯೇ ಇತ್ತು. ಒಳಗೆ ಹಕ್ಕಿ ಇರಲಿಲ್ಲ.

"ಹಕ್ಕಿ ಎಲ್ಲಿ, ವೈನಿ?"

"ಅವರು ಇಸ್ಕೊಂಡ್ರು."

"ಅಣ್ಣ?"

"ಮನಿಗಿ ಬರ್ರಿ ಅಂದೆ. ಬಿಡವಲ್ಲರು ಅಂದ್ರು."

ಯಾರು ಬಿಡುತ್ತಿಲ್ಲವೆಂದು ಕೇಳಿದೆ. ಖಾಲಿ ಪಂಜರ ನನ್ನ ಕೈಗಿಟ್ಟು ಮುಂದೆ ನಡೆದಳು. ಮನೆಗೆ ಬಂದವಳೇ, ಸೆರಗಿನಿಂದ ತಾನೇ ಕುಂಕುಮ ಒರೆಸಿಕೊಂಡಳು.

ಆಕೆ ಈಗ ಕಲಬುರ್ಗಿಯ ಬ್ರಹ್ಮಪುರದ ನನ್ನ ಮನೆಯಲ್ಲೇ ಇದ್ದಾಳೆ. ಆ ಸಂಜೆ ಏನು ಕಂಡಳೆಂದು ನಾನು ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೇನೋ... ಅದೇ ನನ್ನ ಭಯ.