ಹಂದಿಮಾಂಸ ಅಡುಗೆಮನೆಗೆ ಬಂದ ದಿನ

ಕುರುಗೋಡಿನ ನಮ್ಮ ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕೂತು, ಹಂದಿಯ ಪಕ್ಕೆಲುಬಿನ ತುಂಡುಗಳ ಕೊಬ್ಬು ತೆಗೆದು ಗಡಿಗೆಗೆ ಹಾಕುತ್ತಿದ್ದೆ. ಕುರಿಗಿಂತ ಅಗ್ಗ. ಅರಿಶಿನ, ಬೆಳ್ಳುಳ್ಳಿ ಹಚ್ಚಿ ಎಣ್ಣೆಯಿಲ್ಲದೆ ಬೇಯಿಸಿದರೆ ಹೊಟ್ಟೆಗೂ ಹಗುರ. ದೇವರ ಗೂಡು ಅಡುಗೆಮನೆಯಲ್ಲೇ ಇದ್ದದ್ದರಿಂದ ಈ ಮಾಂಸ ಒಳಗೆ ಬರುವಂತಿರಲಿಲ್ಲ. ಹೊಗೆ ಬೇವಿನ ಎಲೆಗಳೊಳಗೆ ನಿಧಾನವಾಗಿ ಕರಗುತ್ತಿತ್ತು; ಅದನ್ನೇ ನೋಡುತ್ತಾ ನನ್ನ ಮನಸ್ಸು ಸಿರುಗುಪ್ಪದ ಆಸ್ಪತ್ರೆಗೆ ಹೋಗಿಬಿಡುತ್ತಿತ್ತು. ಮೈದುನನ ಹೆಂಡತಿ ಅಲ್ಲಿ ಹೆರಿಗೆಗೆ ಸೇರಿದ್ದಳು. ಅವಳ ಮೊದಲ ಕೂಸು ಉಳಿದಿರಲಿಲ್ಲ.

ಬಸ್ಸಿಳಿದು ಬಂದ ಮೈದುನ ಹಿತ್ತಲ ಬಾಗಿಲಲ್ಲೇ ನಿಂತು ಹೇಳಿದ: "ಹೆಣ್ಣು ಹುಟ್ಟೇತಿ ಅತ್ತಿಗಿ. ತಾಯಿ ಮಗಳು ಇಬ್ಬರೂ ಚಲೋ ಅದಾರ."

ಕೈ ತೊಳೆದು ದೇವರಿಗೆ ದೀಪ ಹಚ್ಚಲು ಎದ್ದೆ. ಅಡುಗೆಮನೆಯಲ್ಲಿದ್ದ ಅತ್ತೆ ತಡೆದರು.

"ಕೂಸು ಹುಟ್ಟಿ ಮನಿಗೆ ಪುರುಡಿನ ಮೈಲಿಗಿ ಬಂತಲ್ಲವ್ವಾ, ಇನ್ನ ದೀಪ ಮುಟ್ಟಂಗಿಲ್ಲ. ದೇವರಿಗೂ ರಜಾ. ಮಳಿ ಬರಂಗೈತಿ, ಆ ಗಡಿಗಿ ಒಳಗ ತಗೊಂಬಾ."

"ದೇವರು ಏನಂತಾನ್ರಿ ಅತ್ತಿ?"

"ಕೂಸು ಉಳಿಸ್ಯಾನ, ವಾಸನಿ ತಡಕೊಳ್ಳಾಕ ಆಗಂಗಿಲ್ಲೇನು?" ಎಂದು ಗೂಡಿನ ಪರದೆ ಎಳೆದರು.

ಮುಚ್ಚಿದ ಪರದೆಗೇ ಕೈ ಮುಗಿದೆ. ಗಡಿಗೆಯನ್ನು ಒಳಗಿನ ಒಲೆಗೆ ಏರಿಸಿ, ರೊಟ್ಟಿಗೆ ಜೋಳದ ಹಿಟ್ಟು ಕಲಸಲು ಕೂತೆ.