ಒಂದು ಬಡಿತಕ್ಕೆ ನಿಲ್ಲು

ನನ್ನ ಹತ್ತಿರ ಗಾಡಿ ತರುವ ಡ್ರೈವರುಗಳೆಲ್ಲ ಅರ್ಧ ಡಾಕ್ಟರುಗಳು. ಗಾಡಿಯಿಂದ ಇಳಿಯುವ ಮೊದಲೇ ರೋಗದ ಹೆಸರು ಹೇಳಿಬಿಡುತ್ತಾರೆ. ಗ್ಯಾಸ್ ಹೋಗಿದೆ ಅನ್ನುವವನ ಗಾಡಿಯಲ್ಲಿ ಗ್ಯಾಸ್ ತುಂಬಿರುತ್ತದೆ, ಕಂಪ್ರೆಸರ್ ಸತ್ತಿದೆ ಅನ್ನುವವನದು ಬರೀ ಫ್ಯೂಸ್ ಸುಟ್ಟಿರುತ್ತದೆ. ಅಫಜಲಪುರದಲ್ಲಿ ಲಾರಿಗಳ ಎಸಿ ರಿಪೇರಿ ಮಾಡಿಕೊಂಡಿರುವ ನನಗೆ ಇದರಿಂದ ಬರುವ ಸಿಟ್ಟು ಊರಿಗೆಲ್ಲ ಗೊತ್ತು. "ಉಸ್ತಾದ್ ಮುಂದ ಬಾಳ ಮಾತಾಡಬ್ಯಾಡ್ರಿ, ಪಾನಾ ತಗೊಂಡು ಹೊಡೀತಾನ" ಎಂದು ಎದುರಿನ ಚಹಾದಂಗಡಿಯವನು ಹೊಸಬರನ್ನು ಹೆದರಿಸುತ್ತಾನೆ. ಅವನು ಹೇಳುವುದು ಪೂರ್ತಿ ಸುಳ್ಳೇನಲ್ಲ.

ಹೋದ ಬೇಸಿಗೆಯಲ್ಲಿ ಬಂದ ಆ ಡ್ರೈವರ್ ಮಾತ್ರ ಯಾವ ರೋಗದ ಹೆಸರನ್ನೂ ಹೇಳಲಿಲ್ಲ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದವನು. ನನಗಿಂತ ಬಹಳ ಚಿಕ್ಕವನು, ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಜೇವರ್ಗಿಯಲ್ಲಿ ಮಾಲು ಇಳಿಸಿ ಖಾಲಿ ಗಾಡಿ ತಂದಿದ್ದ. ಎಸಿ ಹಾಕಿಕೊಂಡು ಹೊರಟರೆ ಮುಂದಿನಿಂದ ಯಾರೋ ಬಡಿದ ಹಾಗೆ ಸಪ್ಪಳ ಬರುತ್ತದೆ ಅಂದ. ಆಮೇಲೆ ದನಿ ಇಳಿಸಿ ಕೇಳಿದ, "ರಿಪೇರಿ ಮಾಡಿದ್ರ ಸಪ್ಪಳ ಪೂರಾ ಹೋಗಿಬಿಡ್ತದೇನ್ರಿ ಉಸ್ತಾದ್?"

"ಹೋಗದೆ ಏನ್ ಮಾಡ್ತದ? ಹೋಗ್ಲಿ ಅಂತನ ತಂದೀಯಲ್ಲ?"

ಅವನು ಕ್ಯಾಬಿನ್ನಿನ ಎಡಗಡೆ ಸೀಟನ್ನು ನೋಡುತ್ತ ನಿಂತ. ಬಿಸಿಲಿಗೆ ತಲೆ ಕೆಟ್ಟಿರಬೇಕು ಅಂದುಕೊಂಡೆ.

ಕ್ಯಾಬಿನ್ ಮುಂದಕ್ಕೆ ಬಾಗಿಸಿ ಬೆಲ್ಟು ಬಿಚ್ಚಿದೆ. ಕಂಪ್ರೆಸರಿನ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು. ಬೆಲ್ಟು ಹಾಕಿ, ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೂ ಹಿಡಿಯನ್ನು ನನ್ನ ಕಿವಿಗೂ ಒತ್ತಿಕೊಂಡೆ. ಇದು ನಮ್ಮ ಕಸುಬಿನ ನಾಡಿ ಹಿಡಿಯುವ ರೀತಿ. ಒಳಗೆ ಬಡಿತವಿಲ್ಲ, ಕೆರೆತವಿಲ್ಲ. ನಿಂತ ಗಾಡಿಯಲ್ಲಿ ಅದು ಮಗ್ಗುಲಾದ ಹಸುವಿನ ಹಾಗೆ ಸುಮ್ಮನೆ ಉಸಿರಾಡುತ್ತಿತ್ತು.

"ರಸ್ತೆ ಮ್ಯಾಲೆ ಹೋಗೂಣು ನಡಿ" ಅಂದೆ.

ಎಡಗಡೆ ಸೀಟಿನ ಮೇಲೆ ಬಣ್ಣ ಹೋದ ಟವೆಲ್ಲೊಂದು ಹಾಸಿತ್ತು. ನಾನು ಕೂರಲು ಹೋದಾಗ ಅವನ ಕೈ ಅಡ್ಡ ಬಂದಂತಾಗಿ ಹಿಂದಕ್ಕೆ ಹೋಯಿತು. "ಕೂಡ್ರಿ, ಕೂಡ್ರಿ" ಅಂದ. ಟವೆಲ್ ತೆಗೆಯಲಿಲ್ಲ, ನಾನು ಅದರ ಮೇಲೆಯೇ ಕುಳಿತೆ.

ಘತ್ತರಗಿ ಕಡೆಗೆ ಹೊರಟೆವು. ಮಟಮಟ ಮಧ್ಯಾಹ್ನ. ಚಿಕ್ಕಂದಿನಲ್ಲಿ ಅಮ್ಮ ಈ ಹೊತ್ತಿನಲ್ಲಿ ನಮ್ಮನ್ನು ಹೊರಗೆ ಬಿಡುತ್ತಿರಲಿಲ್ಲ. ರಾತ್ರಿಯಾದರೆ ಹೆದರಿ ದೀಪ ಹಚ್ಚುತ್ತೀರಿ, ಮಧ್ಯಾಹ್ನ ಬರುವವರನ್ನು ಯಾವ ದೀಪದಿಂದ ನೋಡುತ್ತೀರಿ ಅನ್ನುತ್ತಿದ್ದಳು. ರಸ್ತೆಯ ಮೇಲೆ ಒಂದು ನಾಯಿಯೂ ಇರಲಿಲ್ಲ. ಎರಡೂ ಕಡೆ ಬಿರುಕು ಬಿಟ್ಟ ಕರಿಮಣ್ಣಿನ ಹೊಲಗಳು, ಮುಂದೆ ಟಾರಿನ ಮೇಲೆ ಇಲ್ಲದ ನೀರು ಕುಣಿಯುತ್ತಿತ್ತು. ಗಾಜು ಏರಿಸಿದ್ದರಿಂದ ಹೊರಗಿನ ಯಾವ ಸದ್ದೂ ಒಳಗೆ ಬರುತ್ತಿರಲಿಲ್ಲ.

ಟಕ್.

ಅವನು ಬ್ರೇಕ್ ತುಳಿದ ರಭಸಕ್ಕೆ ನನ್ನ ಹಣೆ ಗಾಜಿಗೆ ಬಡಿಯುವುದರಲ್ಲಿತ್ತು.

"ಲೇ! ಸಾಯಿಸ್ತೀ ಏನಲೇ ನನ್ನ?"

ಅವನು ಸ್ಟೇರಿಂಗ್ ಹಿಡಿದುಕೊಂಡು ಕನ್ನಡಿ ನೋಡುತ್ತಿದ್ದ. ಎಡಗನ್ನಡಿ, ಬಲಗನ್ನಡಿ, ಮತ್ತೆ ಎಡಗನ್ನಡಿ. ಎಲ್ಲೂ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿನಿಂದ ಮತ್ತೆ ಸಪ್ಪಳ ಬಂತು. ಈ ಸಲ ಒಂದರ ಬೆನ್ನಿಗೆ ಇನ್ನೊಂದು: ಟಕ್, ಟಕ್. ಅವನು ಗೇರು ಹಾಕಿ ಹೊರಟ. ನನ್ನ ಮೈಮೇಲೆ ಮುಳ್ಳೆದ್ದವು. ಎಸಿಯ ತಂಪು ಎಂದು ಸಮಾಧಾನ ಮಾಡಿಕೊಂಡೆ.

ಲಾರಿ ಕಸುಬಿನಲ್ಲಿರುವ ಯಾರಿಗಾದರೂ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಕ್ಲೀನರ್ ಗಾಡಿಯ ಮೈಮೇಲೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ನಡೆ. ಡ್ರೈವರ್ ಯಾಕೆ ಏನು ಕೇಳುವುದಿಲ್ಲ. ಕೇಳುತ್ತ ಕೂತರೆ ಅಷ್ಟರಲ್ಲಿ ಯಾರದೋ ಕಾಲು ಗಾಲಿಯ ಕೆಳಗಿರುತ್ತದೆ. ಕಾಲು ತಾನಾಗಿಯೇ ಬ್ರೇಕಿಗೆ ಹೋಗಬೇಕು.

"ನಮ್ಮಣ್ಣ ಈ ಗಾಡಿಗೆ ಕ್ಲೀನರ್ ಇದ್ದನ್ರಿ" ಎಂದು ಅವನೇ ಶುರುಮಾಡಿದ. ಮೊದಲು ಅಣ್ಣನೇ ಡ್ರೈವರ್. ತಮ್ಮನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ಅವನೇ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಬಲಗಡೆ ಸೀಟು ತಮ್ಮನಿಗೆ ಬಿಟ್ಟು ತಾನು ಎಡಗಡೆಗೆ ಬಂದ. ಹಿರಿಯನಾಗಿ ಕಿರಿಯನ ಕೈಕೆಳಗೆ ಕ್ಲೀನರ್ ಆಗುವುದೆಂದರೆ ನಮ್ಮ ಕಡೆ ಜನ ಆಡಿಕೊಳ್ಳದೆ ಬಿಡುವುದಿಲ್ಲ. ಅವನು ಅದಕ್ಕೆಲ್ಲ ಕಿವಿಗೊಡಲಿಲ್ಲವಂತೆ. ಬಿಸಿಲಿಗೆ ಅಣ್ಣ ಬಳಲುವುದನ್ನು ನೋಡಲಾಗದೆ ತಮ್ಮ ಎಸಿ ಕೂರಿಸಿದ.

"ಎಸಿ ಹಾಕ್ಸಿದ ದಿನ ಅವ ಬೈದನ್ರಿ ನನಗ. ಗಾಜು ಏರಿಸಿಕೊಂಡು ಕುಂತ್ರ ನನ್ನ ಬಡಿತ ನಿನಗ ಹ್ಯಾಂಗ ಕೇಳ್ತದಲೇ ಅಂದ." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ದೀಪಾವಳಿ ಮುಂದ ಹೋಗಿಬಿಟ್ಟನ್ರಿ. ಎದಿ ನೋವು ಅಂದ, ಅಷ್ಟೇ. ಈ ಬ್ಯಾಸಿಗ್ಯಾಗ ಎಸಿ ಚಾಲೂ ಮಾಡಿದೆ. ಬಡ್ಯಾಕತ್ತಾನ."

"ನೀನು ಪ್ರತಿ ಸಲ ನಿಲ್ಲಸ್ತೀ?"

"ಕಾಲು ನಿಲ್ಲಸ್ತದ್ರಿ. ಹ್ವಾದ ವಾರ ಯಡ್ರಾಮಿ ರಸ್ತೆದಾಗ ನಿಲ್ಲಿಸಿದೆ. ಹಿಂದಿನ ಬಸ್ಸಿನವ ಹೊಲದಾಗ ಇಳದ. ಒಳಗಿನ ಹೆಣ್ಮಕ್ಕಳು ಚೀರಿದ್ದು ಇನ್ನೂ ಕಿವ್ಯಾಗ ಅದ. ನನಗೂ ಎರಡು ಕೂಸು ಅವ್ರಿ. ಅದಕ್ಕ ನಿಮ್ಮ ಕಡೆ ತಂದೆ."

ಸಪ್ಪಳ ಪೂರಾ ಹೋಗುತ್ತದೆಯೇ ಎಂದು ಅವನು ಕೇಳಿದ್ದು ಆಗ ಅರ್ಥವಾಯಿತು. ಹೋಗದಿದ್ದರೆ ಒಂದು ದಿನ ಅವನೂ ಸಾಯುತ್ತಾನೆ, ಹಿಂದೆ ಬರುವವರನ್ನೂ ಸಾಯಿಸುತ್ತಾನೆ. ಹೋದರೆ ಅಣ್ಣ ಎರಡನೇ ಸಲ ಹೋದಂತೆ. ನನಗೆ ಕರುಳು ಚುರುಕ್ ಅಂದಿತು. ಆದರೆ ಕರುಳು ಚುರುಕ್ ಅಂದಾಗೆಲ್ಲ ನನ್ನ ಬಾಯಿಂದ ಬರುವುದು ಬೈಗುಳವೇ.

"ಕಾಮಾಲಿ ಕಣ್ಣಿಗಿ ಕಂಡದ್ದೆಲ್ಲ ಹಳದಿ. ದೆವ್ವನೂ ಅಲ್ಲ ಗಿವ್ವನೂ ಅಲ್ಲ. ಗಾಡಿ ತಿರುಗಸು" ಅಂದೆ.

ಎಸಿ ಕಂಪ್ರೆಸರ್ ಇಡೀ ಹೊತ್ತು ಓಡುವುದಿಲ್ಲ. ತಂಪು ಸಾಕಾದಾಗ ಅದರ ಕ್ಲಚ್ಚು ಬಿಡುತ್ತದೆ, ಬೇಕಾದಾಗ ಮತ್ತೆ ಹಿಡಿಯುತ್ತದೆ. ಹಿಡಿಯುವಾಗ ಒಂದು ಜಗ್ಗಾಟ ಇದ್ದೇ ಇರುತ್ತದೆ. ಕಂಪ್ರೆಸರ್ ಭದ್ರವಾಗಿ ಕೂತಿರದಿದ್ದರೆ ಆ ಜಗ್ಗಿಗೆ ಅದು ಎದ್ದು ಬಡಿಯುತ್ತದೆ. ಇಂಜಿನ್ನಿನ ನಡುಕವೋ ರಸ್ತೆಯ ಕುಲುಕಾಟವೋ ಸೇರಿದರೆ ಒಮ್ಮೆ ಒಂದು, ಒಮ್ಮೆ ಎರಡು. ಮೊದಲು ನಾನು ಸ್ಕ್ರೂಡ್ರೈವರ್ ಒತ್ತಿ ಕೇಳಿದಾಗ ಕ್ಲಚ್ಚು ಒಮ್ಮೆಯೂ ಬಿಟ್ಟು ಹಿಡಿದಿರಲಿಲ್ಲ. ಗ್ಯಾರೇಜಿಗೆ ಬಂದು ಕಬ್ಬಿಣದ ಸಲಾಕೆಯಿಂದ ಮೀಟಿದೆ. ಕಂಪ್ರೆಸರ್ ಎದ್ದು ಕೂತಿತು. ಟಕ್. ಡ್ರೈವರ್ ಬೆಚ್ಚಿಬಿದ್ದ.

ಬೋಲ್ಟು ಬಿಚ್ಚಿ ನೋಡಿದರೆ ಬ್ರಾಕೆಟ್ಟಿನ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಅದರ ಕೆಳಗೆ ಕರಟಿ ಪುಡಿಯಾದ ರಬ್ಬರಿನ ಚೂರೊಂದು ಅಂಟಿಕೊಂಡಿತ್ತು. ಹಳೆಯ ಟೈರಿನದು, ಬ್ಲೇಡಿನಿಂದ ಅಳತೆಗೆ ಕತ್ತರಿಸಿದ್ದು.

"ಇದು ಅಣ್ಣ ಇಟ್ಟದ್ದು" ಅಂದ ಅವನು. "ಎಸಿ ಕುಣಿಲಾಕತ್ತದ ಅಂತ ತಾನೇ ಕೆಳಗ ಹೊಕ್ಕು ಇಟ್ಟಿದ್ದ. ಕಣ್ಣು ಕಾಣ್ತಿದ್ದಿಲ್ಲ, ಕೈಲೇ ಮುಟ್ಟಿ ಮುಟ್ಟಿ."

"ನೋಡಪಾ, ಅಂವ ಬಡೀತಿದ್ದಿಲ್ಲ. ಬಡಿತ ತಡದಿದ್ದ. ರಬ್ಬರ್ ಸುಟ್ಟುಹೋಯ್ತು, ಬಡಿತ ಹೊರಗ ಬಂತು. ಇಷ್ಟೇ ಕತಿ."

ಅವನು ಆ ಚೂರನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ಹೊಸ ಬ್ರಾಕೆಟ್ಟು ಕೂರಿಸಿ, ಹೊಸ ಬೋಲ್ಟುಗಳನ್ನು ಬಿಗಿದೆ. ಸಲಾಕೆ ಹಾಕಿ ಎಷ್ಟು ಮೀಟಿದರೂ ಕಂಪ್ರೆಸರ್ ಅಲುಗಲಿಲ್ಲ. ಆದರೂ ರಸ್ತೆಗೆ ಇಳಿಸಿ ನೋಡದೆ ಗಾಡಿ ಕೊಡುವವನು ನಾನಲ್ಲ.

ಮತ್ತೆ ಅದೇ ರಸ್ತೆ, ಅದೇ ಟವೆಲ್. ಬಿಸಿಲು ಸ್ವಲ್ಪ ವಾಲಿತ್ತು. ನನ್ನ ಬಲಗೈಯಲ್ಲಿದ್ದ ಥರ್ಮಾಮೀಟರನ್ನು ಎಸಿಯ ಗಾಳಿಗೆ ಹಿಡಿದು, ಅದರ ಅಂಕಿ ಇಳಿಯುವುದನ್ನೇ ನೋಡುತ್ತ ಕುಳಿತೆ. ಕ್ಲಚ್ಚು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಒಂದು ಸಪ್ಪಳವಿಲ್ಲ. ಅವನು ಕಿವಿಗೊಟ್ಟು ಕಾಯುತ್ತಿದ್ದ. ಕಾದು ಕಾದು ಅವನ ಮುಖ ಬಾಡಿತು. ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳದೆ ಗಾಡಿಯ ಓಟ ಹೆಚ್ಚಿಸಿದ. ಅಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ, ತಿರುವಿನ ಉದ್ದಕ್ಕೂ ಆಳೆತ್ತರದ ಕಬ್ಬು.

ಟಕ್.

ಬ್ರೇಕ್ ಬಿತ್ತು. ಗಾಡಿ ಚೀರುತ್ತ ನಿಂತಿತು. ನಿಂತ ಮರುಗಳಿಗೆಯೇ ಕಬ್ಬಿನೊಳಗಿಂದ ಒಂದು ಟ್ರ್ಯಾಕ್ಟರ್ ನಮ್ಮ ಮೂತಿಗೆ ತಾಗುವಷ್ಟು ಹತ್ತಿರ ಅಡ್ಡ ಹಾಯಿತು. ಟ್ರಾಲಿಯ ತುಂಬ ಹೆಣ್ಣಾಳುಗಳು ಕುಳಿತಿದ್ದರು. ಅವರಲ್ಲೊಬ್ಬಳು ನಮ್ಮ ಕಡೆ ಕೈಯೆತ್ತಿ ಏನೋ ಬೈದದ್ದು ಗಾಜಿನಾಚೆ ಕಾಣಿಸಿತು, ಕೇಳಿಸಲಿಲ್ಲ.

ಬೋಲ್ಟು ಸಡಿಲವಾಯಿತೇ ಎಂದು ಮೊದಲು ಕಸುಬಿನ ಯೋಚನೆಯೇ ಬಂತು. ಡ್ರೈವರ್ ಮಾತ್ರ ಮುಂದೆ ನೋಡುತ್ತಿರಲಿಲ್ಲ. ನನ್ನ ಎಡಗೈಯನ್ನು ನೋಡುತ್ತಿದ್ದ. ನಾನೂ ನೋಡಿದೆ. ಮುಷ್ಟಿ ಬಿಗಿದು ಬಾಗಿಲಿನ ತಗಡಿಗೆ ಆನಿಕೊಂಡಿತ್ತು. ಗೆಣ್ಣುಗಳು ಉರಿಯುತ್ತಿದ್ದವು.

"ಹ್ಯಾಂಗ ಕಾಣ್ತು ನಿಮಗ?" ಅಂದ.

ನನಗೆ ಏನೂ ಕಂಡಿರಲಿಲ್ಲ. ತಿರುವಿನಲ್ಲಿ ನನ್ನ ಕಣ್ಣು ಅಂಕಿಯ ಮೇಲೆಯೇ ಇತ್ತು. ಬಡಿಯಬೇಕು ಎಂದುಕೊಂಡದ್ದೂ ಇಲ್ಲ, ಬಡಿದದ್ದು ಗೊತ್ತಾದದ್ದೂ ಇಲ್ಲ. ನನಗೆ ಭಯವಾಗಿತ್ತು, ಅಮ್ಮ ಹೇಳುತ್ತಿದ್ದ ಆ ಮಧ್ಯಾಹ್ನದ ಭಯ.

ಟ್ರ್ಯಾಕ್ಟರ್ ದಾಟಿ ಹೋಯಿತು. ಧೂಳು ಕೂತಿತು. ರಸ್ತೆ ಪೂರ್ತಿ ಖಾಲಿಯಾಯಿತು. ಇಂಜಿನ್ ಓಡುತ್ತಲೇ ಇತ್ತು. ಗಾಡಿ ಮಾತ್ರ ಕದಲಲಿಲ್ಲ.

"ನಡಿಯಪಾ" ಅಂದೆ.

ಅವನು ಕದಲಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ, ಕಾಲು ಬ್ರೇಕಿನ ಮೇಲೆ. ಬಂದಾಗಿನಿಂದ ಉಸ್ತಾದ್ ಉಸ್ತಾದ್ ಅನ್ನುತ್ತಿದ್ದವನು ಈಗ ನನ್ನ ಕಡೆ ತಿರುಗದೆ, ಬಹಳ ಮೆತ್ತಗೆ, "ಅಣ್ಣಾ" ಅಂದ.

ಅವನು ಏನಕ್ಕೆ ಕಾಯುತ್ತಿದ್ದಾನೆ ಎಂಬುದು ತಿಳಿಯಿತು. ನಾನು ಬಾಗಿಲಿಗೆ ಎರಡು ಸಲ ಬಡಿದೆ. ಗಾಡಿ ಹೊರಟಿತು.