ಸೈಬೀರಿಯದ ಕೆಸರು, ರತ್ನಕ್ಕನ ಸ್ವಿಚ್ಚು

ಖಾಲಿ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ರತ್ನಪ್ರಭಾಗೆ ತಡೆಯುತ್ತಿರಲಿಲ್ಲ. ಮೈಸೂರಿನ ತವರಿನಲ್ಲಿ ಸ್ವಿಚ್ಚು ಆರಿಸದೆ ಹೊರಬಂದರೆ ಅಪ್ಪನಿಂದ ಮಂಗಳಾರತಿಯಾಗುತ್ತಿತ್ತು. ಕೆಲಸಕ್ಕೆಂದು ಬಂದ ಕತಾರಿನ ದೋಹಾದಲ್ಲೋ, ಆಫೀಸಿಗೆ ಬೀಗ ಬಿದ್ದ ಮೇಲೂ ಏಸಿ ಗುಂಯ್‌ಗುಡುತ್ತಲೇ ಇರುತ್ತಿತ್ತು. ಯಾರಪ್ಪನ ಗಂಟು ಎಂದು ಗೊಣಗುತ್ತ, ಬಿನ್ ಒಮ್ರಾನ್ ಬಡಾವಣೆಯ ತನ್ನ ಮನೆಗೆ ಹೊರಡುವ ಮುಂಚೆ ಕಂಡ ಕಂಡ ಸ್ವಿಚ್ಚನ್ನೆಲ್ಲ ಆರಿಸುವುದು ಅವಳ ನೇಮವಾಯಿತು. ಅವಳು ಗ್ಯಾಸ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಅಲ್ಲಿನ ವಿಜ್ಞಾನಿ ಯೂಸ್ಟೇಸ್ ಮಂಗಳೂರಿನವನು, ಅವಳಿಗಿಂತ ಚಿಕ್ಕವನು. "ಕರೆಂಟಿನ ಅತ್ತೆ ಬಂದ್ರು" ಎಂದು ರೇಗಿಸುತ್ತಿದ್ದ.

೧೯೯೬ರ ಬೇಸಿಗೆಯಲ್ಲಿ ಯೂಸ್ಟೇಸ್ ಜರ್ಮನಿಯ ಗೆಳೆಯರ ಬೆನ್ನು ಬಿದ್ದು, ಸೈಬೀರಿಯದ ಸಮುದ್ರತಳದ ಹೆಪ್ಪುಗಟ್ಟಿದ ಕೆಸರನ್ನು ತರಿಸಿದ. "ಇದು ಮೊದಲು ಒಣ ನೆಲ ಮಾರಾಯ್ರೆ. ಚಳಿಗೆ ಕಲ್ಲಾಯ್ತು, ಆಮೇಲೆ ಕಡಲು ಬಂದು ಮುಳುಗಿಸಿತು. ಈಗ ಅಡಿಯಲ್ಲೇ ಮೆಲ್ಲ ಕರಗ್ತಾ ಉಂಟು. ಒಳಗಿನ ಸೂಕ್ಷ್ಮಜೀವಿಗಳು ಎದ್ದು ಎಂಥ ಮಾಡ್ತವೆ ಅಂತ ನೋಡ್ಬೇಕು." ಅವು ಮೀಥೇನ್ ಅನಿಲ ಹುಟ್ಟಿಸಿ ಭೂಮಿಯನ್ನು ಇನ್ನಷ್ಟು ಬಿಸಿ ಮಾಡಿಯಾವು ಎಂಬುದು ಅವನ ಆತಂಕ. ಅರ್ಧ ಕೆಸರನ್ನು ಬಾಟಲಿಗಳಲ್ಲಿ ಕರಗಲು ಬಿಟ್ಟು, ಉಳಿದರ್ಧವನ್ನು ಹೋಲಿಸಿ ನೋಡಲೆಂದು ಹೊಸ ಫ್ರೀಜರಿನಲ್ಲಿ ಗಟ್ಟಿಯಾಗಿಯೇ ಇಟ್ಟರು.

ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಬುಧವಾರ ಸಂಜೆ ಹೊರಡುವಾಗ ಬಾಗಿಲ ಬಳಿ ಹೊಸದೊಂದು ಸ್ವಿಚ್ಚು ಕಂಡಿತು. ರತ್ನಪ್ರಭಾ ಅದನ್ನೂ ಆರಿಸಿದಳು.

ಶನಿವಾರ ಬಂದು ನೋಡಿದರೆ ಫ್ರೀಜರಿನಡಿ ನೀರು. ಕೆಲಸ ಹೋಯಿತೆಂದೇ ಅವಳು ಎಣಿಸಿದಳು. ಗಂಡ ಮುದ್ದುಕೃಷ್ಣನ ಕಂಪನಿ ಮುಚ್ಚಿತ್ತು. ಮನೆಯೂ ಮಗಳು ಅಮೂಲ್ಯಾಳ ಶಾಲೆಯೂ ನಡೆಯುತ್ತಿದ್ದುದು ಇವಳೊಬ್ಬಳ ಕೆಲಸದಿಂದ. ಹಿಂದೆ ಹೀಗೇ ಎಡವಿದ್ದ ಸಹಾಯಕನನ್ನು ಮ್ಯಾನೇಜರು ವಾರದೊಳಗೆ ಊರಿನ ವಿಮಾನ ಹತ್ತಿಸಿದ್ದರು.

"ಸಾರ್, ನಾನೇ ಆರಿಸ್ಬಿಟ್ಟೆ," ಎಂದಳು.

ಯೂಸ್ಟೇಸನ ಮುಖ ಸಪ್ಪಗಾಯಿತು. ಫ್ರೀಜರಿನ ಬಾಗಿಲು ತೆಗೆದು ಕರಗಿದ ಕೆಸರನ್ನು ನೋಡಿದ. ಆಮೇಲೆ, "ಖಲಾಸ್. ಇನ್ನು ಅತ್ತು ಎಂಥ ಮಾಡುದು? ಕರಗಿದ್ದನ್ನೂ ಬಾಟಲಿಗೆ ತುಂಬಿಸುವ ಅಕ್ಕ," ಎಂದ. ಮ್ಯಾನೇಜರಿಗೆ ಫ್ರೀಜರು ನಿಂತುಹೋಯಿತು ಎಂದಷ್ಟೇ ಹೇಳಿದ. ನಿಲ್ಲಿಸಿದ್ದು ಯಾರೆಂದು ಬಾಯಿ ಬಿಡದೆ, ಬೈಗುಳವನ್ನೆಲ್ಲ ತಾನೊಬ್ಬನೇ ತಿಂದ.

ಹೋಲಿಸಲು ಇಟ್ಟಿದ್ದ ಕೆಸರು ಹೋದದ್ದು ಹೋಯಿತು. ಬಾಟಲಿಗಳನ್ನು ಮಾತ್ರ ತಣ್ಣಗಿಟ್ಟು ತಿಂಗಳುಗಟ್ಟಲೆ ಅಳೆದರು. ಆಳದ ಕೆಸರಿನಲ್ಲಿ ಎಚ್ಚೆತ್ತ ಜೀವಿಗಳು ಮೀಥೇನ್ ಬಿಡುತ್ತಿದ್ದವು. ಕಡಲಿನ ಉಪ್ಪುನೀರು ಇಳಿದಿದ್ದ ಮೇಲಿನ ಪದರದಲ್ಲಿ ಅದೇ ಅನಿಲ ಕಡಿಮೆಯಾಗುತ್ತ ಬಂತು. "ಇಲ್ಲಿ ಅದನ್ನು ತಿನ್ನುವ ಜೀವಿಗಳೂ ಇರ್ಬೇಕು. ಎಲ್ಲ ಮೇಲೆ ಬರ್ಲಿಕ್ಕೆ ಅವು ಬಿಡುದಿಲ್ಲ," ಎಂದ ಯೂಸ್ಟೇಸ್. ರತ್ನಪ್ರಭಾ ಮನಸ್ಸಿನಲ್ಲೇ ಕೈ ಮುಗಿದಳು. ಆ ಜೀವಿಗಳಿಗೋ, ಎದುರು ನಿಂತವನಿಗೋ, ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ.

ಆ ಶನಿವಾರವೇ ಯೂಸ್ಟೇಸ್ ಸ್ವಿಚ್ಚಿನ ಮೇಲೊಂದು ಚೀಟಿ ಅಂಟಿಸಿದ್ದ. ಆಫೀಸಿನ ಗೋಡೆಯ ತುಂಬ ಇಂಗ್ಲಿಷು, ಅರಬ್ಬಿ; ಇದೊಂದೇ ಕನ್ನಡ. ಏನಿದು ಎಂದು ಮ್ಯಾನೇಜರು ಕೇಳಿದಾಗ, ಫ್ರೀಜರ್ ಅಂತ ಬರೆದಿದೆ ಎಂದುಬಿಟ್ಟ. ಅಲ್ಲಿ ಕನ್ನಡ ಓದಬಲ್ಲವರು ಇಬ್ಬರೇ. ಆ ಕೆಲಸದಲ್ಲಿ ಇದ್ದಷ್ಟು ವರ್ಷವೂ ರತ್ನಪ್ರಭಾ ಮನೆಗೆ ಹೊರಡುವ ಮುಂಚೆ ಅದನ್ನೊಮ್ಮೆ ಓದುತ್ತಿದ್ದಳು: "ರತ್ನಕ್ಕ, ಇದೊಂದನ್ನು ಬಿಟ್ಟು ಎಲ್ಲ ಆರಿಸಿ."